ರೇಡಿಯೇಟರ್ ಕರಾರು

ನನ್ನ ಗಂಡ ಕಾರು ರಿಪೇರಿ ಮಾಡಿದರು. ನಮ್ಮ ಕಾರನ್ನೇ. ನಮ್ಮ ಮನೆಯ ಅಂಗಳದಲ್ಲೇ. ಈ ಮೂರು ವಾಕ್ಯ ಬರೆಯುವಾಗಲೂ ನನ್ನ ಕೈ ನಡುಗುತ್ತಿದೆ ಎಂದರೆ ನೀವು ನಂಬಬೇಕು. (ಮಗು ತೊಡೆಯ ಮೇಲೆ ಕೂತು ಪೆನ್ನು ಎಳೆಯುತ್ತಿರುವುದೂ ಒಂದು ಕಾರಣ. ಆದರೆ ಮುಖ್ಯ ಕಾರಣ ಭಯ.)

ಭಯದ ವಿಷಯದಲ್ಲಿ ನಾನು ಸ್ವಲ್ಪ ಮುಂದುವರಿದವಳು. ಮೈಸೂರಿನಲ್ಲಿ ಓದುವಾಗ ಬಸ್ಸಿನ ತುರ್ತು ಬಾಗಿಲ ಪಕ್ಕದ ಸೀಟು ಸಿಗದಿದ್ದರೆ ಮುಂದಿನ ಬಸ್ಸಿಗೆ ಕಾಯುತ್ತಿದ್ದೆ. ಮದುವೆಯಾಗಿ ಅಜ್ಜಂಪುರಕ್ಕೆ ಬಂದ ಮೇಲೆ ಭಯಪಡಲು ಪುರುಸೊತ್ತು ಹೆಚ್ಚಾಯಿತು. ಮಗಳು ಚುಕ್ಕಿ ಹುಟ್ಟಿದ ಮೇಲೆ ವಿಷಯಗಳೂ ಹೆಚ್ಚಾದವು. ಅವಳಿಗೀಗ ಹನ್ನೊಂದು ತಿಂಗಳು. ಸಿಕ್ಕಿದ್ದೆಲ್ಲ ಬಾಯಿಗೆ.

ನಮ್ಮವರು ಯೋಗಾನಂದ, ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕರು. ನಮ್ಮ ಹನ್ನೆರಡು ವರ್ಷದ ಕಾರು ನಿಂತಲ್ಲೆಲ್ಲ ಎಂಜಿನ್ ತಣಿಸುವ ಹಸಿರು ನೀರು ತೊಟ್ಟಿಕ್ಕುತ್ತಿದ್ದುದನ್ನು ಮೊದಲು ಕಂಡವಳು ನಾನೇ. ರೇಡಿಯೇಟರಿನ ರಬ್ಬರ್ ಪೈಪು ಬಿರುಕು ಬಿಟ್ಟಿತ್ತು.

“ತರೀಕೆರೆ ಗ್ಯಾರೇಜಿಗೆ ಬಿಡಿ ರೀ.”

“ಒಂದು ಪೈಪು, ಎರಡು ಕ್ಲಿಪ್ಪು. ಇದಕ್ಕೆ ಗ್ಯಾರೇಜ್ ಯಾಕೆ? ನಾನು ಮಕ್ಕಳಿಗೆ ಶಾಖದ ಪಾಠ ಮಾಡೋನು ಕಣೇ.”

“ಲೇ ಯೋಗಿ,” ಒಳಗಿನಿಂದ ಅತ್ತೆ ಶಂಕರಮ್ಮನವರ ದನಿ ಬಂತು, “ಹೋದ್ಸಲ ಮಿಕ್ಸಿ ಬಿಚ್ಚಿದ್ಯಲ್ಲ, ಅದು ಇನ್ನೂ ಚೀಲದಾಗೆ ಐತೆ.”

ಇವರು ಕೇಳಲಿಲ್ಲ. ಕಡೂರಿಗೆ ಹೋಗಿ ಹೊಸ ಪೈಪು ತಂದೇಬಿಟ್ಟರು. ಫೋನಿನ ವಿಡಿಯೋದಲ್ಲಿ ಯಾರೋ ಎಂಟು ನಿಮಿಷದಲ್ಲಿ ಮುಗಿಸಿದ ಕೆಲಸಕ್ಕೆ ನಮ್ಮಲ್ಲಿ ಶನಿವಾರ ಇಡೀ ಹಿಡಿಯಿತು. ಎಂಜಿನ್ ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತಿರುಗಿಸಬಾರದು ಎಂಬುದು ಅಂದು ಕಲಿತ ಮೊದಲ ಪಾಠ. ಉಪನ್ಯಾಸಕರಿಗೆ ಅದು ಮೊದಲೇ ಗೊತ್ತಿತ್ತಂತೆ, ಆ ಕ್ಷಣಕ್ಕೆ ನೆನಪಾಗಲಿಲ್ಲವಂತೆ. ಬುಸ್ಸೆಂದು ಎದ್ದ ಹಸಿರು ಕಾರಂಜಿಯು ತಂತಿಯ ಮೇಲೆ ಒಣಗುತ್ತಿದ್ದ ಚುಕ್ಕಿಯ ಆರು ಲಂಗೋಟಿಗಳಿಗೆ ಅಭಿಷೇಕ ಮಾಡಿತು. ಹಿಂದಕ್ಕೆ ಹಾರಿದ್ದರಿಂದ ಇವರ ಮೀಸೆ ಉಳಿಯಿತು.

ಆ ಹಸಿರು ನೀರು ರುಚಿಗೆ ಸಿಹಿಯಂತೆ, ಹೊಟ್ಟೆಗೆ ಹೋದರೆ ವಿಷವಂತೆ. ಇದನ್ನು ಫೋನಿನಲ್ಲಿ ಓದಿದವಳೇ ಅಂಗಳವನ್ನು ನಾಲ್ಕು ಸಲ ಸೋಪು ಹಾಕಿ ಉಜ್ಜಿದೆ, ಲಂಗೋಟಿಗಳನ್ನು ಎಸೆದೆ, ಚುಕ್ಕಿಯನ್ನು ಸಂಜೆಯವರೆಗೂ ಮಂಚದಿಂದ ಇಳಿಸಲಿಲ್ಲ. ಕ್ಲಿಪ್ಪು ಬಿಗಿ ಮಾಡಲು ಒಯ್ದ ನನ್ನ ಅಡಿಗೆಮನೆಯ ಇಕ್ಕಳ ಮಾತ್ರ ಇವತ್ತಿಗೂ ಪಾತ್ರೆ ಹಿಡಿಯುವುದಿಲ್ಲ.

ಸಂಜೆ ಗ್ರೀಸಿನ ಕೈ ಒರೆಸುತ್ತಾ ಬಂದು ಘೋಷಿಸಿದರು: “ನಾಳೆ ಕೆಮ್ಮಣ್ಣುಗುಂಡಿಗೆ ಹೋಗೋಣ. ಘಾಟ್ ಹತ್ತಿದ್ರೇ ಪೈಪಿಗೆ ನಿಜವಾದ ಪರೀಕ್ಷೆ.”

“ನಿಮ್ಮ ಪೈಪಿನ ಪರೀಕ್ಷೆಗೆ ನನ್ನ ಮಗು ಯಾಕ್ರೀ?”

“ಸರಿ, ಒಂದು ಕರಾರು. ನನ್ನ ರಿಪೇರಿಯಿಂದ ದಾರೀಲಿ ಏನಾದ್ರೂ ತೊಂದ್ರೆ ಆದ್ರೆ ಸ್ಪ್ಯಾನರ್ ಪೆಟ್ಟಿಗೆ ಗುಜರಿಗೆ. ಆಗದಿದ್ರೆ ನನ್ನ ರಿಪೇರಿ ವಿಷಯದಲ್ಲಿ ನೀನು ಇನ್ನೆಂದೂ ಬಾಯಿ ತೆರೆಯೋ ಹಾಗಿಲ್ಲ.”

“ನಾನೇ ಸಾಕ್ಷಿ,” ಎಂದರು ಅತ್ತೆ. ಕೆಮ್ಮಣ್ಣುಗುಂಡಿ ನೋಡುವ ಆಸೆ ಅವರಿಗೆ.

ಭಾನುವಾರ ಬೆಳಗ್ಗೆ ಇವರು ಸ್ನಾನಕ್ಕೆ ಹೋದಾಗ ನಾನು ಕಳ್ಳಹೆಜ್ಜೆಯಲ್ಲಿ ಹೋಗಿ ಬಾನೆಟ್ ಎತ್ತಿದೆ. ಪೈಪು ಸೋರುತ್ತಿದೆಯೇ ಎಂದು ತಿಳಿಯಲು ನನ್ನದೇ ಆದ ಒಂದು ವೈಜ್ಞಾನಿಕ ಏರ್ಪಾಡು ಮಾಡಿದೆ. ಅಷ್ಟರಲ್ಲಿ ಚುಕ್ಕಿ ಕಿರುಚಿದಳು. ಮಂಚದಿಂದ ಬಿದ್ದಳೆಂದೇ ತಿಳಿದು, ಬಾನೆಟ್ ಧಡ್ಡನೆ ಮುಚ್ಚಿ ಓಡಿದೆ. ಬಿದ್ದಿರಲಿಲ್ಲ, ಕಾಗೆ ನೋಡಿ ಕೇಕೆ ಹಾಕುತ್ತಿದ್ದಳು.

ಆಮೇಲೆ ಚೀಲ ತುಂಬುವ ಗಡಿಬಿಡಿ. ಜ್ವರದ ಔಷಧಿ, ಟಾರ್ಚು, ಹಗ್ಗ, ಘಾಟಿನಲ್ಲಿ ಚಕ್ರಕ್ಕೆ ಅಡ್ಡ ಕೊಡಲು ಎರಡು ಕಲ್ಲು.

“ಏನೇ ಗಾನವಿ, ಮಗೀಗೆ ರಾಗಿ ಸರಿ ತಿನ್ನಿಸೋ ಬಟ್ಲು ಎಲ್ಲೇ?” ಅತ್ತೆ ಅಡಿಗೆಮನೆಯಿಂದ ಕೂಗಿದರು.

“ಚೀಲದಲ್ಲಿ ಇರ್ಬೇಕು ಅತ್ತೆ,” ಎಂದೆ, ಕಲ್ಲು ಒರೆಸುತ್ತಾ.

ಊರು ದಾಟಿ ಮೊದಲ ಹಂಪ್ ಬಂತು. ಕಾರಿನ ಮುಂಭಾಗದಿಂದ ‘ಟಣ್’ ಎಂದಿತು.

“ರೀ!”

“ಏನಿಲ್ಲ. ಕಲ್ಲು ಹಾರಿರ್ಬೇಕು.”

ಎರಡನೇ ಹಂಪ್. ಟಣ್, ಟಣ. ಆಮೇಲೆ ಹಂಪೇ ಬೇಕಾಗಲಿಲ್ಲ, ರಸ್ತೆಯೇ ಸಾಕಾಯಿತು. ಟಣ ಟಣ ಟಣ! ಎಂಜಿನ್ನು ಕಳಚಿ ರಸ್ತೆಗೆ ಬೀಳುವುದು, ನಾವು ಅದರ ಮೇಲೇ ಹತ್ತಿ ಹೋಗುವುದು, ಎಲ್ಲವೂ ನನ್ನ ಕಣ್ಣಮುಂದೆ ಸಾಲಾಗಿ ಬಂದವು. ಚುಕ್ಕಿಯನ್ನು ಎಷ್ಟು ಬಿಗಿಯಾಗಿ ಅಪ್ಪಿಕೊಂಡೆನೆಂದರೆ ಅವಳೂ ಅಳತೊಡಗಿದಳು.

“ನಿಲ್ಲಿಸಿ!”

“ನಿಲ್ಸಿ ಏನ್ ಮಾಡ್ತೀಯ? ತರೀಕೆರೆವರ್ಗೂ ನಿಧಾನಕ್ಕೆ ಹೋಗೋಣ.” ದನಿ ಧೈರ್ಯವಾಗಿತ್ತು, ಕಿವಿ ಬೆವರುತ್ತಿತ್ತು.

“ಯಾವ ನಟ್ಟು ಬಿಟ್ರಿ? ನೆನಪು ಮಾಡ್ಕೊಳ್ಳಿ! ಶಾಖದ ಪಾಠವಂತೆ! ಇವತ್ತೇ ಗುಜರಿಗೆ ಆ ಪೆಟ್ಟಿಗೆ!”

“ಸ್ವಲ್ಪ ಸುಮ್ನಿರೇ ತಾಯಿ,” ಹಿಂದಿನಿಂದ ಅತ್ತೆ, “ನೀನು ಕೂಗ್ತಿದ್ರೆ ಎಂಜಿನ್ನಿನ ಸದ್ದೇ ಕೇಳಂಗಿಲ್ಲ.”

ಸೈಕಲ್ಲುಗಳು ನಮ್ಮನ್ನು ಹಿಂದಿಕ್ಕಿದವು. ಅಂತೂ ತರೀಕೆರೆ ಬಸ್‌ಸ್ಟ್ಯಾಂಡ್ ಹತ್ತಿರದ ಗ್ಯಾರೇಜು ತಲುಪಿದೆವು. ಮೆಕ್ಯಾನಿಕ್ ಸಣ್ಣಬೀರಪ್ಪ ಅರ್ಧ ಶಟರ್ ಎಳೆದು ಇಡ್ಲಿ ತಿನ್ನುತ್ತಿದ್ದ. ಕೈ ತೊಳೆದು ಬಂದು ಬಾನೆಟ್ ಎತ್ತಿದ.

“ನೋಡಪ್ಪಾ,” ನಾನೇ ಮುಂದೆ ಬಿದ್ದೆ, “ಇವರು ಕಾಲೇಜು ಮೇಷ್ಟ್ರು, ಮನೇಲೇ ರಿಪೇರಿ ಮಾಡಿದಾರೆ. ಏನೇನು ತಪ್ಪಾಗಿದೆ ಅಂತ ಎಲ್ಲರ ಮುಂದೆ ಹೇಳು.”

ಆತ ಪೈಪು ಒತ್ತಿ, ಕ್ಲಿಪ್ಪು ಅಲ್ಲಾಡಿಸಿ ನೋಡಿದ. “ಭೇಷಾಗಿ ಕೂರ್ಸಿದೀರಲ್ಲ ಮೇಷ್ಟ್ರೇ! ಒಂದು ಹನಿ ಇಲ್ಲ. ಯಾರತ್ರ ಕಲಿತ್ರಿ?”

“ಮತ್ತೆ ಆ ಸದ್ದು?” ಎಂದೆ.

ಟಾರ್ಚು ಹಾಕಿ ಬಗ್ಗಿದ. ಕೊಕ್ಕೆ ತಂತಿ ಇಳಿಬಿಟ್ಟು, ಗಾಳ ಹಾಕಿದವನಂತೆ ಏನನ್ನೋ ಮೇಲಕ್ಕೆಳೆದ. ನೆಗ್ಗಿದ್ದ ಒಂದು ಸ್ಟೀಲಿನ ವಸ್ತು. ಅಂಗಿಯ ತುದಿಯಿಂದ ಒರೆಸಿ, ಅದರ ಮೇಲೆ ಕೊರೆದಿದ್ದ ಅಕ್ಷರಗಳನ್ನು ಗಟ್ಟಿಯಾಗಿ ಓದಿದ:

“ಚಿ. ಸೌ. ಗಾನವಿಗೆ... ತವರಿನಿಂದ. ಇದ್ಯಾವ್ ಕಂಪ್ನಿ ಪಾರ್ಟು ಸಾರ್?”

“ಅಯ್ಯೋ, ನಮ್ ಬಟ್ಲು!” ಎಂದರು ಅತ್ತೆ.

ಸೋರುವ ಹೆಂಚಿನ ಕೆಳಗೆ ಬಟ್ಟಲು ಇಡುವುದಿಲ್ಲವೇ? ಹಾಗೆಯೇ ಪೈಪಿನ ಕೆಳಗೆ ಇಟ್ಟಿದ್ದೆ. ಹೊರಡುವಷ್ಟರಲ್ಲಿ ಒಂದು ಹನಿ ಬಿದ್ದಿದ್ದರೂ ಪ್ರಯಾಣ ರದ್ದು ಮಾಡಿಸುವ ಯೋಚನೆ. ಚುಕ್ಕಿಯ ಕೇಕೆಗೆ ಓಡಿದವಳು ಬಟ್ಟಲು ಮರೆತಿದ್ದೆ.

“ಫ್ಯಾನಿಗೆ ಸಿಕ್ಕಿದ್ರೆ ರೇಡಿಯೇಟರೇ ಹರಿದೋಗೋದು,” ಎಂದ ಸಣ್ಣಬೀರಪ್ಪ ಗಂಭೀರವಾಗಿ. “ರಿಪೇರಿ ಮೇಷ್ಟ್ರು ಮಾಡ್ಲಿ ಅಕ್ಕಾ. ನೀವು ಮಾತ್ರ ಬಾನೆಟ್ ಮುಟ್ಬೇಡಿ.”

ನಿನ್ನೆಯಿಂದ ನಾನು ಯಾವ ಅಪಾಯದಿಂದ ಮಗುವನ್ನು ಕಾಯುತ್ತಿದ್ದೆನೋ, ಆ ಅಪಾಯ ಚೂಡಿದಾರ ತೊಟ್ಟು ಗ್ಯಾರೇಜಿನಲ್ಲಿ ನಿಂತಿತ್ತು. ನಮ್ಮವರು ಕರಾರಿನ ಸಾಕ್ಷಿಯತ್ತ, ಅಂದರೆ ಅತ್ತೆಯತ್ತ, ಒಮ್ಮೆ ನೋಡಿ ಡ್ರೈವರ್ ಸೀಟಿಗೆ ಹೋದರು. ಬೈದಿದ್ದರೆ ಜಗಳವಾಡಿ ಬಚಾವಾಗಬಹುದಿತ್ತು.

ಬಟ್ಟಲನ್ನು ಗ್ಯಾರೇಜಿನ ನಲ್ಲಿಯಲ್ಲಿ ಮೂರು ಸಲ ತೊಳೆದೆ. ಆದರೂ ಮಗುವಿಗೆ ಕೊಡಲು ಧೈರ್ಯ ಬರಲಿಲ್ಲ. ಅತ್ತೆ ಅದನ್ನು ಮಡಿಲಲ್ಲಿಟ್ಟುಕೊಂಡು, ಜೊತೆಗೊಂದು ಚಮಚವನ್ನೂ ಇಟ್ಟುಕೊಂಡರು. ಯಾಕೆಂದು ಆಗ ತಿಳಿಯಲಿಲ್ಲ.

ಕಾರು ಸದ್ದಿಲ್ಲದೆ ಲಿಂಗದಹಳ್ಳಿ ದಾಟಿ ಘಾಟ್ ಹತ್ತಿತು. ಮೂರನೇ ತಿರುವಿನಲ್ಲಿ, ಎಡಗಡೆ ನೆಲವೇ ಕಾಣದಷ್ಟು ಆಳದ ಕಣಿವೆಯಿದ್ದ ಕಡೆ, ಇವರು ತಲೆ ವಾಲಿಸಿ ಕಿವಿಗೊಟ್ಟರು.

“ಗಾನು, ಬ್ರೇಕು ಸ್ವಲ್ಪ ಕುಯ್ ಅಂತಿದೆ ಅಲ್ವಾ? ಮುಂದಿನ ಭಾನುವಾರ ನಾನೇ ಬಿಚ್ಚಿ...”

ನಾನು ಬಾಯಿ ತೆರೆದೆ.

ಹಿಂದಿನ ಸೀಟಿನಿಂದ ‘ಟಣ್’ ಎಂದಿತು.

ಮುಚ್ಚಿದೆ.