ಪೆಟ್ಟಿಗೆಗೆ ಹೊಸ ಕಿವಿ

ನಡೆಯುತ್ತಿರುವ ವಸ್ತುವನ್ನು ಬಿಚ್ಚಿ ನೋಡುವ ಚಟ ಬಹಳ ಜನರಿಗೆ ಇರುತ್ತದೆ. ಬಿಚ್ಚಿದ್ದನ್ನು ಮೊದಲಿನಂತೆ ಜೋಡಿಸಲು ಬಾರದೆ, "ಈಗ ಇದು ಮೊದಲಿಗಿಂತ ಸುಧಾರಿಸಿದೆ" ಎಂದು ಮನೆಯವರನ್ನು ನಂಬಿಸಲು ಹೊರಡುವವರು ಮಾತ್ರ ಕಡಿಮೆ. ನಾನು ಆ ಕಡಿಮೆ ಜನರಲ್ಲಿ ಒಬ್ಬ. ನಮ್ಮ ಮನೆಯ ಗೋಡೆ ಗಡಿಯಾರ ನನ್ನ ಕೈಯಿಂದ ಸುಧಾರಿಸಿ ಗಂಟೆ ಹೊಡೆಯುವುದನ್ನು ಬಿಟ್ಟಿತು. ಸ್ಟೋವು ಸುಧಾರಿಸಿ ಅಟ್ಟ ಸೇರಿತು. ಇದರ ಜೊತೆಗೆ ನನಗೆ ಇನ್ನೊಂದು ರೋಗವೂ ಇತ್ತು. ವಿಜಾಪುರದ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದ ಮಾಸ್ತರ ನಾನು. ಕೆಡಿಸಿದ್ದು ಹೇಗೆ ಕೆಟ್ಟಿತು ಎಂಬುದನ್ನು ಎದುರಿಗೆ ಸಿಕ್ಕವರಿಗೆಲ್ಲ ಮೊದಲಿನಿಂದ ಕೊನೆಯವರೆಗೆ ವಿವರಿಸದೆ ನನಗೆ ಊಟ ಸೇರುತ್ತಿರಲಿಲ್ಲ. ಹುಡುಗರು ಕೇಳುತ್ತಿದ್ದರು, ಯಾಕೆಂದರೆ ಅವರಿಗೆ ಎದ್ದು ಹೋಗಲು ಅನುಮತಿ ಇರಲಿಲ್ಲ.

ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಮಾತು. ಆಗ ನಾನು ಚಹಾಪುಡಿ ತುಂಬಿ ಬರುವ ಮರದ ಖೋಕಾದ ಹಲಗೆಗಳಿಂದ ಒಂದು ಪೆಟ್ಟಿಗೆ ಮಾಡಿ, ಅದರೊಳಗೆ ಕೈಯಾರೆ ಒಂದು ಆಂಪ್ಲಿಫೈಯರ್ ಕಟ್ಟಿದ್ದೆ. ಗ್ರಾಮಫೋನಿನ ಮುಳ್ಳಿನಿಂದ ಬರುವ ಸೊಳ್ಳೆಯ ದನಿಯನ್ನು ಪಡಸಾಲೆ ತುಂಬುವಷ್ಟು ದೊಡ್ಡದು ಮಾಡುವುದು ಅದರ ಕೆಲಸ. ಗಾಳಿ ಆಡಲೆಂದು ಪೆಟ್ಟಿಗೆಯ ಸುತ್ತ ತೂತು ಕೊರೆದಿದ್ದೆ. ಬೇಡದ ಸದ್ದು ನೆಲಕ್ಕೆ ಇಳಿದು ಹೋಗಲೆಂದು ಒಂದು ಅರ್ಥ್ ತಂತಿಯನ್ನು ಕಿಟಕಿಯಿಂದ ಹೊರಗೆ ಬಿಟ್ಟು, ಹಿತ್ತಲಿನ ನಿಂಬೆ ಗಿಡದ ಬುಡದಲ್ಲಿ ನೆಟ್ಟ ಕಬ್ಬಿಣದ ಸಲಾಕೆಗೆ ಕಟ್ಟಿದ್ದೆ. ಈ ವಿದ್ಯೆಯಲ್ಲಿ ನನ್ನ ಗುರು ದಸ್ತಗೀರಸಾಬರು. ಊರ ಅಂಚಿನ ಇಬ್ರಾಹಿಂಪುರದಲ್ಲಿ ರೈಲು ಹಳಿಯ ಪಕ್ಕಕ್ಕೇ ಅವರ ರೇಡಿಯೋ ರಿಪೇರಿ ಅಂಗಡಿ. ರೈಲು ಬಂತೆಂದರೆ ಮೇಜು ನಡುಗುತ್ತಿತ್ತು. ಆಗ ಸಾಬರು ಬೆಸುಗೆಯ ಕಾದ ಕಡ್ಡಿಯನ್ನು ಮೇಲೆತ್ತಿ ಹಿಡಿದು, ಕೊನೆಯ ಡಬ್ಬಿ ದಾಟುವವರೆಗೆ ಕಣ್ಣು ಮುಚ್ಚಿ ಕೂರುತ್ತಿದ್ದರು. ಅವರಷ್ಟು ತಾಳ್ಮೆ ನನಗಿದ್ದಿದ್ದರೆ ಈ ಪ್ರಬಂಧ ಇಷ್ಟು ಉದ್ದವಾಗುತ್ತಿರಲಿಲ್ಲ. ಅವರು ಸಲಾಕೆಯನ್ನು ಎದೆಯುದ್ದ ಕುಣಿ ತೋಡಿ ಹೂಳಬೇಕು ಎಂದಿದ್ದರು. ನಾನು ಒಂದು ಗೇಣು ಇಳಿಸಿದ ಮೇಲೆ ಕಲ್ಲು ಹತ್ತಿತು, ಅಷ್ಟಕ್ಕೇ ಬಿಟ್ಟೆ.

ಈಗ ನಮ್ಮ ಮಾವನವರ ವಿಷಯಕ್ಕೆ ಬರುತ್ತೇನೆ. ನನ್ನ ಹೆಂಡತಿ ಶಾಂತಾಳ ತವರು ತಿಕೋಟಾ. ಅವಳ ಅಪ್ಪ ಗುರಪ್ಪನವರಿಗೆ ಅಲ್ಲಿ ಬಾವಿಯ ಕೆಳಗೆ ದ್ರಾಕ್ಷಿ ತೋಟ. ನಮ್ಮ ಮಗಳು ನೀಲಾ ಹುಟ್ಟುವ ಮುಂಚೆಯೇ ಅವರ ಕಿವಿ ಹೋಗಿತ್ತು. ಹತ್ತಿರ ಹೋಗಿ ಕೂಗಿದರೆ ಯಾರೋ ಕೂಗುತ್ತಿದ್ದಾರೆ ಎಂದು ತಿಳಿಯುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಕಿವಿಗೆ ಹಾಕುವ ಯಂತ್ರ ಮಿರಜಿನಲ್ಲಿ ಸಿಗುತ್ತದೆ ಎಂದು ಅವರ ಮಗ ಬಸು ಕೈಸನ್ನೆ ಮಾಡಿ, ಪಾಟಿಯ ಮೇಲೆ ಬರೆದು ತಿಳಿಸಿದರೆ, "ಕಿವ್ಯಾಗ ಬೆಂಡು ತುರಕೊಂಡು ಊರಾಗ ಹೆಂಗ ಅಡ್ಡಾಡ್ಲಿ?" ಎಂದು ಪಾಟಿ ಒರೆಸಿಬಿಟ್ಟರು. ಮೊಮ್ಮಗಳು ಹಾಡು ಹೇಳುವಾಗ ಅವಳ ಬೆನ್ನ ಮೇಲೆ ಅಂಗೈ ಇಟ್ಟುಕೊಂಡು ಕೂರುವರು. ದನಿ ಬೆನ್ನಿನಲ್ಲಿ ನಡುಗುವುದು ಕೈಗೆ ತಿಳಿಯುತ್ತದಲ್ಲ, ಅದಕ್ಕೇ ತಲೆ ತೂಗುವರು. ಒಂದು ಸಲ ಹೀಗೆ ಕೂತವರು ಶಾಂತಾಳನ್ನು ಕೇಳಿದರು: "ಕೂಸಿನ ದನಿ ಹೆಂಗೈತಿ ಬೇ? ನಿನ್ನ ಹಂಗ ಸಣ್ಣ ಐತೋ, ನನ್ನ ಹಂಗ ಒಡಕ ಐತೋ?" ದನಿ ಹೇಗಿದೆ ಎಂಬುದನ್ನು ಪಾಟಿಯ ಮೇಲೆ ಹೇಗೆ ಬರೆಯುವುದು? ಶಾಂತಾ ಬಳಪ ಹಿಡಿದು ಒಂದಕ್ಷರ ಬರೆದಳು, ಒರೆಸಿದಳು, ಪಾಟಿಯನ್ನು ಗೂಡಿನಲ್ಲಿ ಇಟ್ಟುಬಿಟ್ಟಳು.

ಮರಳಿ ವಿಜಾಪುರಕ್ಕೆ ಬಂದ ಮೇಲೆ ಅವಳು ನನ್ನ ಪೆಟ್ಟಿಗೆಯ ಮುಂದೆ ಬಂದು ನಿಂತಳು. ಮದುವೆಯಾದಾಗಿನಿಂದ ಅವಳು ಆ ಪೆಟ್ಟಿಗೆಯ ಬಗ್ಗೆ ಒಳ್ಳೆಯ ಮಾತಾಡಿದ್ದು ನನಗೆ ನೆನಪಿಲ್ಲ. "ಯಾವಾಗ್ಲೂ ಇದನ್ನ ಬಿಚ್ಚಿಕೊಂಡ ಕುಂದರತೀರಲ್ಲ, ಇದಕ್ಕ ಮನಷ್ಯಾರ ದನಿ ಹಿಡ್ಯಾಕ ಬರತೈತೇನ್ರಿ? ಬಂದ್ರ ಅಪ್ಪಗ ನೀಲಾನ ದನಿ ಒಮ್ಮೆ ಕೇಳಸ್ರಿ. ಎಳ್ಳ ಅಮಾಸಿಗೆ ತಿಕೋಟಾಕ್ಕ ಹೋಗೂದ ಐತಿ" ಅಂದಳು. ನನ್ನ ಜೀವಮಾನದ ಸುಧಾರಣೆಗಳಲ್ಲಿ ಯಾರಾದರೂ ಕೇಳಿ ಮಾಡಿಸಿದ್ದು ಅದೊಂದೇ. ಎದೆ ಉಬ್ಬಿತು, ಜೊತೆಗೆ ಸ್ವಲ್ಪ ಹೆದರಿಕೆಯೂ ಆಯಿತು.

ಮರುದಿನವೇ ದಸ್ತಗೀರಸಾಬರ ಹತ್ತಿರ ಓಡಿದೆ. ಗ್ರಾಮಫೋನಿನ ತಂತಿ ಸಿಕ್ಕಿಸುವ ಜಾಗದಲ್ಲಿ ಒಂದು ಮೈಕು ಸಿಕ್ಕಿಸಿದರೆ ಮುಗಿಯಿತಲ್ಲವೇ ಎಂಬುದು ನನ್ನ ಲೆಕ್ಕ. ಸಾಬರು ನಕ್ಕರು. "ಮಾಸ್ತರ್ರ, ಮುಳ್ಳಿನ ದನಿ ಅಂದ್ರ ಗಟ್ಟಿ ಹಾಲು. ಮೈಕಿನ ದನಿ ಅಂದ್ರ ನೀರ ಮಜ್ಜಿಗಿ. ಪೆಟ್ಟಿಗಿ ಬಾಗಲಾದಾಗ ಇನ್ನೊಂದ ಟ್ರಾನ್ಸಿಸ್ಟರ್ ಕುಂದರಸ್ರಿ, ಅದು ಮಜ್ಜಿಗಿನ ಗಟ್ಟಿ ಮಾಡಿ ಒಳಗ ಕಳಸ್ತೈತಿ. ಎಲ್ಲಾಕ್ಕಿಂತ ಮದಲ ಅರ್ಥ್ ಛಲೋ ಐತಿಲ್ಲೋ ನೋಡ್ರಿ." ನಾನು ಎದೆ ತಟ್ಟಿಕೊಂಡು, "ಭೂಗೋಳ ಮಾಸ್ತರಗ ಭೂಮಿ ಬಗ್ಗೆ ಹೇಳತೀರೇನ್ರಿ ಸಾಬರ?" ಅಂದೆ. ಅಷ್ಟರಲ್ಲಿ ರೈಲು ಬಂತು, ಸಾಬರು ಕಡ್ಡಿ ಎತ್ತಿ ಕಣ್ಣು ಮುಚ್ಚಿದರು. ಅವರು ಮುಂದೆ ಏನು ಹೇಳುವವರಿದ್ದರೋ ನನಗೆ ಕೇಳಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಗುಜರಿ ಸಾಮಾನಿನಲ್ಲಿ ಹುಡುಕಿ ಒಂದು ಮೈಕನ್ನೂ ಒಂದು ಹಳೆಯ ಹೆಡ್‌ಫೋನನ್ನೂ ಅವರೇ ಕೊಟ್ಟರು.

ಆಮೇಲೆ ಎರಡು ತಿಂಗಳು ನನ್ನ ಸಾಯಂಕಾಲಗಳೆಲ್ಲ ಆ ಪೆಟ್ಟಿಗೆಗೇ ಹೋದವು. ಹೊಸ ಟ್ರಾನ್ಸಿಸ್ಟರ್ ಕೂರಿಸಿದೆ. ಮೈಕು ಇಟ್ಟೆ. ಹೆಡ್‌ಫೋನ್ ಕಿವಿಗೆ ಹಾಕಿಕೊಂಡರೆ ಭ್ರಮರವೊಂದು ತಲೆಯೊಳಗೇ ಗೂಡು ಕಟ್ಟಿದಂತೆ 'ಗುಂಯ್' ಎಂಬ ಸದ್ದು. ಮೈಕಿನ ತಂತಿ ಬದಲಿಸಿ, ಮೇಲೆ ತಾಮ್ರದ ಜಾಳಿಗೆ ಹೆಣೆದ ತಂತಿ ಹಾಕಿ ಮಲಗಿದೆ. ಮುಂಜಾನೆ ಎದ್ದು ಹಚ್ಚಿದರೆ ಸದ್ದಿಲ್ಲ! ಶಾಂತಾ ಅಡುಗೆ ಮನೆಯಲ್ಲಿ ಬಳೆ ಸರಿಸಿದ್ದೂ ಕೇಳುತ್ತಿತ್ತು. 'ಜಾಳಿಗೆ ತಂತಿಯಿಂದ ಗುಣ ಕಂಡಿತು' ಎಂದು ನೋಟುಪುಸ್ತಕದಲ್ಲಿ ಬರೆದುಕೊಂಡು ಶಾಲೆಗೆ ಹೋದೆ. ಸಂಜೆ ಬಂದು ನೋಡಿದರೆ ಮತ್ತೆ ಗುಂಯ್. ತುಪ್ಪದ ಡಬ್ಬಿಯ ತಗಡು ಕತ್ತರಿಸಿ ಟ್ರಾನ್ಸಿಸ್ಟರಿನ ಸುತ್ತ ಗೋಡೆ ಕಟ್ಟಿದೆ. ಮುಂಜಾನೆ ಸದ್ದಿಲ್ಲ, ಸಂಜೆ ಗುಂಯ್. ಹಗಲಿನ ಬಿಸಿಲಿಗೆ ತಗಡು ಕಾಯುತ್ತದೆ ಎಂಬ ಸಿದ್ಧಾಂತ ಮಂಡಿಸಿ ಪೆಟ್ಟಿಗೆಗೆ ಇನ್ನೂ ಎಂಟು ತೂತು ಕೊರೆದೆ. ಹೀಗೆ ಹತ್ತೊಂಬತ್ತು ಸುಧಾರಣೆಗಳಾದವು. ಹೆಚ್ಚಿನವು ಮುಂಜಾನೆ ಗೆದ್ದು ಸಂಜೆ ಸೋಲುತ್ತಿದ್ದವು, ಕೆಲವು ಮುಂಜಾನೆಯೇ ಸೋಲುತ್ತಿದ್ದವು. ಪ್ರತಿಯೊಂದನ್ನೂ ನಾನು ಶಾಂತಾಳಿಗೆ ಕೂರಿಸಿ ವಿವರಿಸುತ್ತಿದ್ದೆ. ಅವಳು ನಡುವೆ ಬಾಯಿ ತೆರೆಯುತ್ತಿದ್ದಳು. ನಾನು, "ತಡಿ, ಇನ್ನೂ ಮುಗಿದಿಲ್ಲ" ಅನ್ನುತ್ತಿದ್ದೆ.

ಎಳ್ಳಮಾವಾಸ್ಯೆಯ ಹಿಂದಿನ ದಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತಿಕೋಟಾದ ಬಸ್ಸು ಹತ್ತಿದೆವು. ಕಂಡಕ್ಟರ್ ಪೆಟ್ಟಿಗೆಯ ತೂತುಗಳಲ್ಲಿ ಇಣುಕಿ ನೋಡಿ, "ಕೋಳಿ ಎಷ್ಟ ಅದಾವ್ರಿ? ಕೋಳಿಗೂ ಟಿಕೀಟ ಆಗತೈತಿ" ಅಂದ. ನಾನು ಆಂಪ್ಲಿಫೈಯರ್ ಎಂದರೇನು ಎಂಬುದನ್ನು ಮೂಲದಿಂದ ಹೇಳಲು ಶುರು ಮಾಡಿದೆ. ಎರಡನೆಯ ವಾಕ್ಯಕ್ಕೇ ಅವನು, "ಆತ ಬಿಡ್ರಿ ಯಪ್ಪಾ, ಕುಂದರ್ರಿ" ಎಂದು ಹಿಂದಕ್ಕೆ ಹೋದವನು ಇಳಿಯುವವರೆಗೂ ನಮ್ಮ ಸೀಟಿನ ಕಡೆ ಬರಲಿಲ್ಲ.

ಅಮಾವಾಸ್ಯೆಯ ಮುಂಜಾನೆ ತಿಕೋಟಾದ ಮನೆಯಲ್ಲಿ ಎಲ್ಲರೂ ಹೊಲಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದರು. ನಮ್ಮ ಕಡೆ ಎಳ್ಳಮಾವಾಸ್ಯೆ ಎಂದರೆ ಚರಗ ಚೆಲ್ಲುವ ದಿನ. ಸಜ್ಜೆ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಪುಂಡಿಪಲ್ಯ ಕಟ್ಟಿಕೊಂಡು ಬಂಡಿಯಲ್ಲಿ ಹೊಲಕ್ಕೆ ಹೋಗಿ, ಮೊದಲು ಭೂಮಿತಾಯಿಗೆ ಅನ್ನ, ನೀರು ಚೆಲ್ಲಿ, ಆಮೇಲೆ ನಾವು ಉಣ್ಣಬೇಕು. ಹೊರಡುವ ಮುಂಚೆಯೇ ಮಾವನವರಿಗೆ ಮೊಮ್ಮಗಳ ದನಿ ಕೇಳಿಸಿಬಿಡೋಣ ಎಂದು ನಾನು ಪಡಸಾಲೆಯಲ್ಲಿ ಪೆಟ್ಟಿಗೆ ಹೂಡಿದೆ. ಅಂಗಳಕ್ಕೆಲ್ಲ ಪರಸಿ ಕಲ್ಲು ಹಾಸಿತ್ತು, ಸಲಾಕೆ ನೆಡಲು ಜಾಗವಿಲ್ಲ. ಅರ್ಥ್ ತಂತಿಯನ್ನು ಕಿಟಕಿಯ ಸರಳಿಗೆ ಸುತ್ತಿದೆ. ಮಾವ ಹೊಸ ರುಮಾಲು ತೆಗೆದಿಟ್ಟು, ಹೆಡ್‌ಫೋನ್ ಹಾಕಿಸಿಕೊಂಡು, ಪೂಜೆಗೆ ಕೂತವರ ಹಾಗೆ ನೆಟ್ಟಗೆ ಕೂತರು. ನೀಲಾ ಮೈಕಿನ ಮುಂದೆ ನಿಂತು, ತಿಂಗಳಿಂದ ಕಲಿತ ಹಾಡನ್ನು ಕೈ ಕಟ್ಟಿಕೊಂಡು ಹೇಳಿದಳು.

ಮಾವನವರ ಮುಖ ಅರಳಿತು. ಅವರು ಅವಳ ತಲೆ ಸವರುತ್ತ, "ಛಲೋ ಐತಿ! ಭಾಳ ಛಲೋ ಐತಿ. ಕೂಸಿನ ದನಿ ಸ್ವಲ್ಪ ದಪ್ಪ ಐತಿ ಅಷ್ಟ. ಇರ್ಲಿ ಬಿಡ್ರಿ, ದೊಡ್ಡಾಕಿ ಆದ ಮ್ಯಾಲ ಸಣ್ಣ ಆದೀತು" ಅಂದರು. ನೀಲಾ ಹಾಡು ಮುಗಿಸಿ ಬಾಗಿಲಿಗೆ ಓಡಿ ಅಲ್ಲಿಂದ ಇಣುಕಿದಳು. ಮಾವ ಇನ್ನೂ ಕಣ್ಣು ಮುಚ್ಚಿಕೊಂಡು ತಲೆ ತೂಗುತ್ತಲೇ ಇದ್ದರು. ನಾನು ಹೆಡ್‌ಫೋನ್ ತೆಗೆದು ನನ್ನ ಕಿವಿಗೆ ಹಚ್ಚಿಕೊಂಡೆ. ಬರೀ ಗುಂಯ್. ಆ ಮುದುಕ ಅಷ್ಟು ಹೊತ್ತು ಗುಂಯ್ ಎಂಬುದನ್ನೇ ಮೊಮ್ಮಗಳ ದನಿ ಎಂದುಕೊಂಡು ಕೇಳಿದ್ದರು. ಅದನ್ನೂ ಮೆಚ್ಚಿಕೊಂಡಿದ್ದರು. ನನಗೆ ನಾಚಿಕೆಯಾಯಿತು. ಅಂಥ ನಾಚಿಕೆ ಗಡಿಯಾರ ಕೆಡಿಸಿದಾಗ ಆಗಿರಲಿಲ್ಲ, ಸ್ಟೋವು ಕೆಡಿಸಿದಾಗಲೂ ಆಗಿರಲಿಲ್ಲ. ಶಾಂತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ನಾನು, "ಇದು ಹಗಲಿನ ಬಿಸಿಲಿಗೆ ತಗಡು..." ಎಂದು ಬಾಯಿ ತೆರೆದೆ. ಅವಳು ಆ ದಿನ ನನಗೆ ಮಾತು ಮುಗಿಸಲು ಬಿಡಲಿಲ್ಲ. "ಬಿಸಲೂ ಅಲ್ಲ, ತಗಡೂ ಅಲ್ರಿ. ಅಲ್ಲಿ ನಿಮ್ಮ ಸಲಾಕಿ ನಿಂಬಿ ಗಿಡದ ಬುಡಕ ಐತಿ. ನಾ ದಿನಾ ಮುಂಜಾನೆ ಭಾಂಡೆ ತೊಳದ ನೀರು ಆ ಗಿಡಕ್ಕ ಹಾಕತೀನಿ. ನೀರ ಬಿದ್ದ ಮ್ಯಾಲ ನಿಮ್ಮ ಪೆಟ್ಟಿಗಿ ಸುಮ್ನಾಗತೈತಿ. ಸಂಜಿತನಕಾ ನೆಲ ಒಣಗಿದ್ರ ಮತ್ತ ಒದರತೈತಿ. ನಳ ಬರದ ದಿನಾ ನೀರ ಹಾಕೂದಿಲ್ಲ, ಅವತ್ತ ಮುಂಜಾನಿಂದನ ಒದರತೈತಿ. ಇಲ್ಲಿ ಒಣಾ ಗ್ವಾಡಿಗೆ ಕಟ್ಟೀರಿ, ಅದಕ್ಕ ಏನ ಗೊತ್ತಾಗಬೇಕು?"

ಕಪ್ಪು ಮಣ್ಣು ಹೇಗೆ ನೀರು ಹಿಡಿಯುತ್ತದೆ, ಹೇಗೆ ಒಣಗಿ ಬಿರಿಯುತ್ತದೆ ಎಂದು ವರ್ಷವರ್ಷವೂ ನಕ್ಷೆ ತೂಗುಹಾಕಿ ಪಾಠ ಮಾಡುವ ಮಾಸ್ತರ ನಾನು. ಹತ್ತೊಂಬತ್ತು ಸುಧಾರಣೆಗಳು ಭಾಂಡೆ ತೊಳೆದ ನೀರಿನಲ್ಲಿ ಕೊಚ್ಚಿಕೊಂಡು ಹೋದವು. "ಇಷ್ಟ ದಿನಾ ಹೇಳಬಾರದಾಗಿತ್ತೇನ?" ಅಂದೆ.

"ನಾ ಹೇಳಾಕ ಬಂದಾಗೆಲ್ಲಾ ನೀವ ಹೇಳಾಕ ಹತ್ತಿರತಿದ್ರಿ" ಅಂದಳು ಶಾಂತಾ. ಅಷ್ಟು ಹೇಳಿ ಪೆಟ್ಟಿಗೆಯ ಒಂದು ಬದಿ ತಾನೇ ಹಿಡಿದೆತ್ತಿದಳು. "ಹಿಡೀರಿ ಆ ಕಡೆ. ತ್ವಾಟದಾಗ ಪಂಪಿನ ಖೋಲಿ ಐತಿ, ಕರೆಂಟ ಐತಿ, ಕಾಲವಿ ತುಂಬ ನೀರ ಐತಿ. ಬಂಡ್ಯಾಗ ಇಡೂಣು."

ಹೀಗೆ ರೊಟ್ಟಿಯ ಬುಟ್ಟಿ, ಕಡಬಿನ ಡಬ್ಬಿಗಳ ನಡುವೆ ನನ್ನ ಆಂಪ್ಲಿಫೈಯರೂ ಚರಗಕ್ಕೆ ಹೊರಟಿತು. ತೋಟದಲ್ಲಿ ಮಾವ ಭೂಮಿಗೆ ಚರಗ ಚೆಲ್ಲುತ್ತ ಮುಂದೆ ನಡೆದರು, ಬಸು ಹಿಂದೆ ನೀರು ಚಿಮುಕಿಸುತ್ತ ನಡೆದ. ಊಟವಾದ ಮೇಲೆ ನಾನು ಒಂದು ಹಾರೆ ತೆಗೆದುಕೊಂಡು ಬಳ್ಳಿಯ ಸಾಲಿನ ಒದ್ದೆ ಕಾಲುವೆಯಲ್ಲಿ ಮೊಳಕಾಲುದ್ದ ಇಳಿಸಿದೆ. ಈ ಸಲ ಕಲ್ಲು ಹತ್ತಿದ್ದರೂ ಬಿಡುತ್ತಿರಲಿಲ್ಲ. ಮಾವ ದೂರದಿಂದಲೇ, "ಅಳಿಯಂದ್ರ, ಬೇರಿಗೆ ಹತ್ತೀತು!" ಎಂದು ಕೂಗಿದರು. ತಂತಿಯನ್ನು ಹಾರೆಗೆ ಕಟ್ಟಿ, ಪಂಪಿನ ಖೋಲಿಯಲ್ಲಿ ಪೆಟ್ಟಿಗೆ ಹಚ್ಚಿ, ಮೊದಲು ನಾನೇ ಕಿವಿಗೆ ಹಾಕಿಕೊಂಡೆ. ಗುಂಯ್ ಇಲ್ಲ. ದ್ರಾಕ್ಷಿ ಎಲೆಯ ಮೇಲೆ ಗಾಳಿ ಆಡುವುದು ಕೇಳುತ್ತಿತ್ತು. ಏನೂ ಹೇಳದೆ ಹೆಡ್‌ಫೋನ್ ತೆಗೆದು ಮಾವನವರಿಗೆ ಹಾಕಿದೆ.

ಆದರೆ ನೀಲಾಳಿಗೆ ಹಾಡೇ ಮರೆತುಹೋಗಿತ್ತು. ಮುಂಜಾನೆಯ ಗಲಾಟೆಯಲ್ಲಿ ಅವ್ವ ಅತ್ತದ್ದನ್ನು ನೋಡಿದ ಮಗು, ಇದೆಲ್ಲ ಈ ಮೈಕಿನದೇ ಕಿತಾಪತಿ ಎಂದುಕೊಂಡಿರಬೇಕು. ಅದರ ಹತ್ತಿರ ಬಂದು, ಹಿಂದೆ ಸರಿದು, ಮತ್ತೆ ಬಂದು, ಪಿಸುಮಾತಿನಲ್ಲಿ ಕೇಳಿದಳು: "ಅಜ್ಜಾ, ಇದು ಕಡೀತೈತೇನು?"

"ಇಲ್ಲವ್ವಾ, ಕಡ್ಯೂದಿಲ್ಲ" ಅಂದರು ಮಾವ.

ಅಂದುಬಿಟ್ಟು ತಾವೇ ಬೆಚ್ಚಿ ನಮ್ಮ ಮುಖ ನೋಡಿದರು. ನಮ್ಮಲ್ಲಿ ಯಾರೂ ಸನ್ನೆ ಮಾಡಿರಲಿಲ್ಲ, ಪಾಟಿ ಊರಲ್ಲಿ ಮನೆಯ ಗೂಡಿನಲ್ಲಿತ್ತು. ನೀಲಾಳ ಐದು ವರ್ಷದ ಆಯುಷ್ಯದಲ್ಲಿ ಅಜ್ಜ ಅವಳ ಮಾತಿಗೆ ನೇರವಾಗಿ ಉತ್ತರ ಕೊಟ್ಟದ್ದು ಅದೇ ಮೊದಲು. "ಇನ್ನೊಮ್ಮೆ ಅನ್ನು ತಾಯಿ" ಅಂದರು. ಅವಳು ಈಗ ಧೈರ್ಯದಿಂದ, "ಇದು ಕಡೀತೈತೇನು ಅಜ್ಜಾ? ನಿನಗ ಕಡದೈತೇನು?" ಎಂದು ಕೇಳಿದಳು. ಮಾವ ಗಟ್ಟಿಯಾಗಿ ನಕ್ಕರು, ನಗುತ್ತಲೇ ಕಣ್ಣು ತುಂಬಿಕೊಂಡರು. "ದಪ್ಪ ಇಲ್ಲ ಬೇ ಶಾಂತೂ. ಸಣ್ಣ ಐತಿ. ನೀ ಸಣ್ಣಾಕಿದ್ದಾಗ ಹಿಂಗ ಮಾತಾಡತಿದ್ದಿ." ಶಾಂತಾ ಮೈಕು ಇಸಿದುಕೊಂಡಳು. ವರ್ಷಗಟ್ಟಲೆ ಹೇಳಬೇಕೆಂದಿದ್ದ ಮಾತು ಎಷ್ಟಿದ್ದವೋ, ಅವಳ ಬಾಯಿಂದ ಬಂದದ್ದು, "ಅಪ್ಪಾ, ಹೊಟ್ಟಿ ತುಂಬ ಉಂಡೀಯಿಲ್ಲೋ?" ಎಂಬುದು ಮಾತ್ರ. "ಉಂಡೆ ಬೇ. ಹೋಳಿಗಿ ಮೂರ ತಿಂದೆ" ಅಂದರು ಅವರು. ಮುಂದಿನ ವಾರವೇ ದಸ್ತಗೀರಸಾಬರ ಹತ್ತಿರ ಹೋಗಿ, ಇಂಥದನ್ನೇ ಬ್ಯಾಟರಿಯ ಮೇಲೆ ನಡೆಯುವಂತೆ, ಜೇಬಿಗೆ ಹಿಡಿಯುವಷ್ಟು ಸಣ್ಣದಾಗಿ ಮಾಡಬೇಕು ಎಂದು ಅಲ್ಲೇ ನಿಶ್ಚಯಿಸಿದೆ.

ಬಸು ಮಾತಾಡಿದ. ಅವನ ಹೆಂಡತಿ ನಾಚಿಕೊಂಡು ಎರಡು ಮಾತಾಡಿದಳು. ಕೊನೆಗೆ ಮೈಕು ನನ್ನ ಕೈಗೆ ಬಂತು. ಮದುವೆಯಾದ ಮೊದಲೆರಡು ವರ್ಷ ಬಿಟ್ಟರೆ ಈ ಅಳಿಯನ ದನಿ ಕೇಳುವ ಭಾಗ್ಯ ಅವರಿಗೆ ಸಿಕ್ಕಿರಲಿಲ್ಲ. ನಾನು ಗಂಟಲು ಸರಿಮಾಡಿಕೊಂಡು, "ಮಾವಾರ, ಇದರಾಗ ಮುಖ್ಯ ಸಂಗತಿ ಏನಂದ್ರ, ಮುಳ್ಳಿನ ದನಿ ಬ್ಯಾರೆ, ಮೈಕಿನ ದನಿ ಬ್ಯಾರೆ..." ಎಂದು ಶುರು ಮಾಡಿದೆ. ಮಾವ ಬಹಳ ಗಮನವಿಟ್ಟು ಕೇಳಿದರು. ನಾನು ಮೊದಲನೆಯ ಟ್ರಾನ್ಸಿಸ್ಟರ್ ಮುಗಿಸಿ ಎರಡನೆಯದಕ್ಕೆ ಬರುವ ಹೊತ್ತಿಗೆ, ಅವರು ಹೆಡ್‌ಫೋನನ್ನು ಎರಡೂ ಕೈಯಿಂದ ಮೆಲ್ಲಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ನನ್ನ ಕಡೆ ಇನ್ನಷ್ಟು ಸರಿದು ಕೂತು, ಅಪಾರ ಪ್ರೀತಿಯಿಂದ, "ಹೇಳ್ರಿ ಅಳಿಯಂದ್ರ, ಹೇಳ್ರಿ. ಕೇಳಾಕತ್ತೇನಿ" ಅಂದರು.

ನಾನು ಕೊನೆಯವರೆಗೂ ಹೇಳಿದೆ.