ಹಿಮದ ಚಿತ್ರವಿದ್ದ ಆರುನೂರು ಪೆಟ್ಟಿಗೆ

ಆರುನೂರು ಥರ್ಮೋಸ್ಟಾಟ್. ಒಂದಕ್ಕೆ ತೊಂಬತ್ತು ರಿಯಾಲಿನಂತೆ ಒಟ್ಟು ಐವತ್ತನಾಲ್ಕು ಸಾವಿರ. ವಿಶ್ವಕಪ್ಪಿನ ವರ್ಷ ನಾನು ಮಾಡಿದ ದೊಡ್ಡ ವ್ಯಾಪಾರ ಅದು. ದೋಹಾದ ನಜ್ಮಾದಲ್ಲಿ ಎ.ಸಿ. ಬಿಡಿಭಾಗದ ಅಂಗಡಿ ಇಟ್ಟು ಇಪ್ಪತ್ತಾರು ವರ್ಷವಾಯಿತು. ಇಷ್ಟು ಕಾಲ ಒಂದೇ ಕಸುಬು ಮಾಡಿದವನಿಗೆ ಎಡವಟ್ಟು ಕಮ್ಮಿಯಾಗುತ್ತದೆ ಎಂದು ಜನ ತಿಳಿದುಕೊಂಡಿದ್ದಾರೆ. ಕಮ್ಮಿಯೇನೂ ಆಗುವುದಿಲ್ಲ. ಸಣ್ಣ ಎಡವಟ್ಟು ನಿಲ್ಲುತ್ತದೆ, ದೊಡ್ಡದು ಶುರುವಾಗುತ್ತದೆ.

೧. ಪೆಟ್ಟಿಗೆಯ ಮೇಲಿನ ಮನೆ

ಆ ವರ್ಷ ಊರಿಡೀ ಫ್ಲ್ಯಾಟುಗಳಿಗೆ ಬಣ್ಣ ಬಳಿಯುತ್ತಿದ್ದರು. ಫುಟ್‌ಬಾಲ್ ನೋಡಲು ಬರುವವರಿಗೆ ಬಾಡಿಗೆಗೆ ಕೊಡಬೇಕಲ್ಲ. ಕಟ್ಟಡದ ಮಾಲೀಕರ ಬಾಯಲ್ಲಿ ಒಂದೇ ಶಬ್ದ, ಸ್ಮಾರ್ಟ್. ಬೀಗ ಸ್ಮಾರ್ಟ್ ಆಗಬೇಕು, ಬಲ್ಬು ಸ್ಮಾರ್ಟ್ ಆಗಬೇಕು. ಹಾಗಿರುವಾಗ ಹೊರದೇಶದ ಸರಕಿನ ಏಜೆಂಟನೊಬ್ಬ ಬಂದು, ಗೋಡೆಗೆ ಹಾಕುವ ಗಾಜಿನ ಥರ್ಮೋಸ್ಟಾಟ್ ಒಂದನ್ನು ನನ್ನ ಮೇಜಿನ ಮೇಲಿಟ್ಟ. ಫೋನಿನಲ್ಲಿ ಒತ್ತಿದರೆ ಅದರಲ್ಲಿ ಅಂಕೆ ಬದಲಾಗುತ್ತಿತ್ತು. ನೋಡಲಿಕ್ಕೆ ಚಂದ. ಬೆಲೆಯೂ ಕಮ್ಮಿ. ಬೆಲೆ ಯಾಕೆ ಕಮ್ಮಿ ಎಂದು ಬೇರೆ ದಿನವಾದರೆ ಕೇಳುತ್ತಿದ್ದೆ.

ಕೇಳಿದವರು ನಮ್ಮ ಆಚಾರ್ರು. ಕಾಪು ಕಡೆಯವರು, ಹದಿನೆಂಟು ವರ್ಷದಿಂದ ನನ್ನಲ್ಲಿದ್ದ ಎಲೆಕ್ಟ್ರಿಷಿಯನ್. ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಸಾಹುಕಾರ್ರೇ, ಇದು ಯಾವ ಮಿಷಿನಿಗೆ ಹೊಂದುವಂಥದ್ದು ಅಂತ ಕೇಳಿದ್ರಾ?" ಅಂದರು.

"ಗೋಡೆಗೆ ಹಾಕುವಂಥದ್ದು. ಗೋಡೆ ಎಲ್ಲರ ಮನೆಯಲ್ಲೂ ಉಂಟು."

"ಅದಲ್ಲ ಮಾರಾಯ್ರೇ. ಪೆಟ್ಟಿಗೆಯ ಮೇಲೆ ಮನೆಯ ಚಿತ್ರ ಉಂಟು ನೋಡಿ. ಮಾಡಿನ ಮೇಲೆಲ್ಲ ಹಿಮ. ಹೊಗೆ ಹೋಗಲಿಕ್ಕೆ ಚಿಮಣಿ ಬೇರೆ."

"ಆಚಾರ್ರೇ, ಈ ಊರಿನಲ್ಲಿ ಹಿಮದ ಚಿತ್ರ ಇಲ್ಲದ ಎ.ಸಿ. ಪೆಟ್ಟಿಗೆ ನೀವು ನೋಡಿದ್ದುಂಟಾ? ಒಬ್ಬ ಹಿಮದ ಗುಡ್ಡೆ ಹಾಕ್ತಾನೆ, ಒಬ್ಬ ಪೆಂಗ್ವಿನ್ ಹಾಕ್ತಾನೆ. ಇವರು ಇಡೀ ಮನೆಯನ್ನೇ ಹಿಮದಲ್ಲಿ ಹೂತಿದ್ದಾರೆ. ಅಷ್ಟು ಒಳ್ಳೆ ಕೂಲಿಂಗ್ ಅಂತ ಅರ್ಥ."

"ಹಾಗಾದ್ರೆ ಚಿಮಣಿ ಯಾಕೆ?"

"ಚಂದಕ್ಕೆ."

ಚಂದಕ್ಕಿದ್ದ ಆ ಚಿಮಣಿಗೆ ನಾನು ಅದೇ ದಿನ ಮುಂಗಡ ಕೊಟ್ಟೆ.

೨. ಬಂದರಿನ ನಗು

ಆಗಸ್ಟಿನಲ್ಲಿ ಸರಕು ಹಮದ್ ಬಂದರಿಗೆ ಬಂತು. ಕಾಗದಪತ್ರ ಬಿಡಿಸಿಕೊಡುವ ನಮ್ಮ ಕ್ಲಿಯರಿಂಗ್ ಏಜೆಂಟ್ ಮಲಯಾಳಿ, ನನ್ನನ್ನು ಇಕ್ಕಾ, ಅಂದರೆ ಅಣ್ಣ, ಎಂದು ಕರೆಯುವವನು. ಹೊರಗೆ ಬಿಸಿಲಿನಲ್ಲಿ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುತ್ತಿತ್ತು. ಅವನು ಒಳಗೆ ಕೂತು ಕಾಗದ ಓದಿದ, ನನ್ನ ಮುಖ ನೋಡಿದ, ಮತ್ತೆ ಕಾಗದ ಓದಿದ.

"ಇಕ್ಕಾ, ಇದರಲ್ಲಿ ಹೀಟಿಂಗ್ ಕಂಟ್ರೋಲ್ ಅಂತ ಬರೆದಿದೆಯಲ್ಲ. ಮನೆ ಬಿಸಿ ಮಾಡುವ ಸಾಮಾನು."

"ಬರೆಯುವವರು ಏನಾದರೂ ಬರೆಯುತ್ತಾರೆ. ತೆರಿಗೆಯ ವರ್ಗ ಇರಬೇಕು. ಯಲ್ಲಾ, ಬೇಗ ಸೀಲು ಹಾಕಿಸು."

ಅವನು ಪಕ್ಕದ ಮೇಜಿನವನಿಗೆ ತೋರಿಸಿದ. ಆ ಮೇಜಿನವನು ಅದರಾಚೆಯವನಿಗೆ ತೋರಿಸಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ವ್ಯಾಪಾರಿಯಾದವನು ಹತ್ತು ಜನರ ನಡುವೆ ನಗು ಬಂದಾಗ ಯಾಕೆ ಎಂದು ಕೇಳಿ ಸಣ್ಣವನಾಗಬಾರದು ಎಂಬುದು ನನ್ನ ಪದ್ಧತಿ. ಅವತ್ತು ಕೇಳಿ ಸಣ್ಣವನಾಗಿದ್ದರೆ ಸರಕನ್ನು ಅಲ್ಲಿಂದಲೇ ವಾಪಸ್ ಕಳಿಸಬಹುದಿತ್ತು. ಲಾರಿಗೆ ತುಂಬಿಸಿ ಹೊರಡುವಾಗ ಏಜೆಂಟ್ ಕೂಗಿ ಹೇಳಿದ: "ಇಕ್ಕಾ, ಮುಂದಿನ ಸಲ ಕಂಬಳಿ ತರಿಸಿ!"

೩. ಮೈಸೂರಿನ ಮಂಕಿ ಟೋಪಿ

ಓಲ್ಡ್ ಏರ್‌ಪೋರ್ಟ್ ಕಡೆ ಒಂದು ಕಟ್ಟಡದ ಮಾಲೀಕರು ನಲವತ್ತೆಂಟು ಪೀಸಿಗೆ ಹೇಳಿದ್ದರು. ಮೊದಲು ಒಂದು ಫ್ಲ್ಯಾಟಿನಲ್ಲಿ ಹಾಕಿ ತೋರಿಸಿ ಅಂದರು. ಮೂರನೇ ಮಾಳಿಗೆಯಲ್ಲಿ ಮೈಸೂರಿನವರೊಬ್ಬರು ಇದ್ದರು, ಕಂಪನಿಯೊಂದರಲ್ಲಿ ಲೆಕ್ಕಪತ್ರದ ಕೆಲಸ. ಬಹಳ ಸಜ್ಜನರು. ಅವರ ಗೋಡೆಯ ಹಳೇ ಥರ್ಮೋಸ್ಟಾಟ್ ಕಿತ್ತು ಆಚಾರ್ರು ಹೊಸದನ್ನು ಹಾಕಿ ಬಂದರು. ಬಂದವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮೈಸೂರಿನವರ ಫೋನು ಬಂತು.

"ಸಾರ್, ತಪ್ಪು ತಿಳ್ಕೋಬೇಡಿ. ಇಪ್ಪತ್ತೆರಡಕ್ಕೆ ಇಟ್ಟಿದೀನಿ. ರೂಮು ಮೂವತ್ನಾಲ್ಕರಲ್ಲಿದೆ. ತಮ್ಮ ಯಂತ್ರ ಮಾತ್ರ ಬಹಳ ಸಮಾಧಾನವಾಗಿದೆ."

"ಹದಿನೆಂಟಕ್ಕೆ ಇಳಿಸಿ ಸಾರ್."

"ಇಳಿಸಿದೆ. ಈಗ ಇನ್ನೂ ಸಮಾಧಾನವಾಗಿದೆ."

ಸಂಜೆ ಅವರ ಮನೆಯವರಿಗೆ ಸಿಟ್ಟು ಬಂದು, ಆಗಿದ್ದಾಗಲಿ ಎಂದು ಅಂಕೆಯನ್ನು ಮೇಲಕ್ಕೆ ಒತ್ತಿದರಂತೆ. ಮೂವತ್ತೈದಕ್ಕೆ ಮುಟ್ಟಿದ್ದೇ ಟಕ್ ಎಂದು ಎ.ಸಿ. ಶುರು. ಬೆಳಿಗ್ಗೆ ಮತ್ತೆ ಫೋನು.

"ಸಾರ್, ತಂಪಾಯ್ತು. ಬಹಳ ಸಂತೋಷ. ಈಗ ನಿಲ್ಲಿಸೋದು ಹೇಗೆ? ರೂಮು ಹದಿನೇಳಕ್ಕೆ ಬಂದಿದೆ. ಊರಿಂದ ಬರೋವಾಗ ನಮ್ಮತ್ತೆ ಕೊಟ್ಟಿದ್ದ ಮಂಕಿ ಟೋಪಿ ಹಾಕ್ಕೊಂಡು ಕೂತಿದೀನಿ. ಇದು ಆಗಸ್ಟ್ ಸಾರ್."

ವಿಷಯ ಇಷ್ಟೆ. ಅದು ಚಳಿದೇಶಗಳಲ್ಲಿ ಮನೆ ಬಿಸಿ ಮಾಡುವ ಬಾಯ್ಲರಿನ ಥರ್ಮೋಸ್ಟಾಟ್. ರೂಮು ತಣ್ಣಗಿದ್ದರೆ ಮಿಷಿನು ಶುರು ಮಾಡು ಎನ್ನುತ್ತದೆ, ಬೆಚ್ಚಗಿದ್ದರೆ ನಿಲ್ಲಿಸು ಎನ್ನುತ್ತದೆ. ನಮ್ಮಲ್ಲಿ ಅದರ ಕೈಗೆ ಸಿಕ್ಕಿದ್ದು ಎ.ಸಿ. ಸೆಕೆಯಾದರೆ ಸುಮ್ಮನಿರುತ್ತಿತ್ತು. ಒಮ್ಮೆ ಶುರುವಾದರೆ ರೂಮು ತಣ್ಣಗಾಗುತ್ತಿತ್ತು, ತಣ್ಣಗಾದಷ್ಟೂ ಅಯ್ಯೋ ಚಳಿ ಎಂದು ಇನ್ನಷ್ಟು ಓಡಿಸುತ್ತಿತ್ತು.

ಐದಕ್ಕೆ ಇಳಿಸಿ ನೋಡಿ ಅಂದೆ. ನಿಂತಿತು. ಆ ಸಜ್ಜನರು ಕೇಳಿದರು: "ಅಂದ್ರೆ ಸಾರ್, ತಂಪು ಬೇಕಾದರೆ ಬಿಸಿ ಕೇಳಬೇಕು, ಬಿಸಿ ಬೇಕಾದರೆ ತಂಪು ಕೇಳಬೇಕು. ಫುಟ್‌ಬಾಲ್ ನೋಡೋಕೆ ಬರೋ ಅತಿಥಿಗಳಿಗೆ ಇದನ್ನ ತಾವೇ ಬಾಗಿಲಲ್ಲಿ ನಿಂತು ಹೇಳ್ತೀರೋ, ನಾನು ಹೇಳ್ಬೇಕೋ?"

೪. ಕೌಂಟರಿನ ಮೇಲೆ ಟೆಸ್ಟರ್

ನಲವತ್ತೆಂಟರ ಆರ್ಡರ್ ಖಲಾಸ್. ಮಾಲೀಕರ ಸೂಪರ್‌ವೈಸರ್ ನನ್ನ ಅಂಗಡಿಗೇ ಬಂದು, ಗಿರಾಕಿಗಳ ಎದುರು, ಹೀಟರ್ ಬೇಕಾದಾಗ ಹೇಳಿ ಕಳಿಸುತ್ತೇವೆ ಎಂದು ಹೇಳಿ ಹೋದ. ಮಾನ ಹೋಗುವ ಸಮಯ. ಅಂಥ ಸಮಯದಲ್ಲಿ ಮನುಷ್ಯ ಹತ್ತಿರ ಇದ್ದವನ ಮೇಲೆ ಬೀಳುತ್ತಾನೆ. ಹತ್ತಿರ ಇದ್ದವರು ಆಚಾರ್ರು.

"ನೀವು ವಯರ್ ಉಲ್ಟಾ ಕೊಟ್ಟಿದ್ದೀರಿ. ಕಣ್ಣು ಕಾಣದಿದ್ದರೆ ಮೊದಲೇ ಹೇಳಬೇಕಿತ್ತು."

"ಕಾಗದದಲ್ಲಿ ಹೇಗೆ ಉಂಟೋ ಹಾಗೇ ಕೊಟ್ಟಿದ್ದೇನೆ ಸಾಹುಕಾರ್ರೇ. ಉಲ್ಟಾ ಬಂದದ್ದು ಸಾಮಾನು. ಅದಕ್ಕೊಂದು..."

"ಸಾಮಾನು ಸರಿ ಉಂಟು! ಹದಿನೆಂಟು ವರ್ಷ ಸಂಬಳ ತಗೊಂಡು ನನಗೆ ಸಾಮಾನು ನೋಡಲಿಕ್ಕೆ ಕಲಿಸ್ತೀರಾ?"

ಅವರು ಜೇಬಿನಿಂದ ಟೆಸ್ಟರ್ ತೆಗೆದು ಕೌಂಟರಿನ ಮೇಲಿಟ್ಟರು. "ಇದು ಅಂಗಡಿಯದ್ದು," ಅಂದರು. ಆಮೇಲೆ ಎರಡು ಹೆಜ್ಜೆ ಹೋಗಿ, ವಾಪಸ್ ಬಂದು, ಕಿವಿಯ ಮೇಲಿಟ್ಟಿದ್ದ ಪೆನ್ಸಿಲನ್ನೂ ಇಟ್ಟರು. "ಇದೂ ಅಂಗಡಿಯದ್ದು." ತಿಂಗಳು ತುಂಬಿದ ಮೇಲೆ ಒಂದು ದೊಡ್ಡ ಕಂಪನಿಯ ಮೆಂಟೆನೆನ್ಸ್ ಕೆಲಸಕ್ಕೆ ಹೋದರು. ಕೆಲಸ ಬಿಡುವ ಕಾಗದಕ್ಕೆ ನಾನು ಸಹಿ ಹಾಕಿಕೊಟ್ಟೆ. ಹೋಗಬೇಡಿ ಅನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದು, ಪೆನ್ಸಿಲಾದರೂ ಇಟ್ಟುಕೊಳ್ಳಿ ಎಂಬ ಮಾತು. ಅದನ್ನೂ ನುಂಗಿದೆ.

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದಳು: "ಮುಂದಿನ ಸಲ ತಪ್ಪು ಮಾಡಿದಾಗ ಬೈಯಲಿಕ್ಕೆ ಯಾರಿದ್ದಾರೆ ನಿಮಗೆ?"

೫. ಕೆಫೆಟೇರಿಯಾದ ಗಡಿಯಾರ

ನಮ್ಮ ಅಂಗಡಿಯ ಎದುರಿಗೆ ಒಂದು ಕೆಫೆಟೇರಿಯಾ. ಅದರ ಯಜಮಾನರು ಬಂಟ್ವಾಳದವರು. ಒಂದು ದಿನ ಚಾ ಕುಡಿಯಲು ಹೋದಾಗ ನಾನೇ ಒಂದು ಪೀಸು ತೋರಿಸಿದೆ. ಟೈಮು ತೋರಿಸುತ್ತದೆ, ರೂಮಿನ ಶಾಖ ತೋರಿಸುತ್ತದೆ, ಗೋಡೆಗೆ ಲಕ್ಷಣವಾಗಿರುತ್ತದೆ ಎಂದೆ. ಗಡಿಯಾರ ಎಂದು ಮೂವತ್ತು ರಿಯಾಲಿಗೆ ತಗೊಂಡರು. ಅಡುಗೆಯ ಜಾಗದಲ್ಲಿ, ಪರೋಟ ಸುಡುವ ಕಾವಲಿಯ ಮೇಲಿನ ಗೋಡೆಗೆ ಹೊಡೆದರು.

ನಾಲ್ಕನೇ ದಿನ ಅದನ್ನು ಕಿತ್ತುಕೊಂಡು ಬಂದು ನನ್ನ ಮುಂದೆ ಇಟ್ಟರು.

"ಹಾಳಾಯ್ತಾ?"

"ಹಾಳಾಗಿದ್ದರೆ ಇಟ್ಟುಕೊಳ್ತಿದ್ದೆ. ಸರಿ ಉಂಟು, ಅದೇ ತೊಂದರೆ. ಇಷ್ಟು ವರ್ಷ ಪರೋಟ ಮಾಡುವವನಿಗೆ ಬರೀ ಸೆಕೆ ಆಗ್ತಿತ್ತು. ಈಗ ನಲವತ್ಮೂರು ಡಿಗ್ರಿ ಆಗ್ತದೆ. ಅಂಕೆ ತೋರಿಸಿ ಎ.ಸಿ. ಕೇಳ್ತಾನೆ. ನನ್ನ ಮೂವತ್ತು ಕೊಡಿ ಮಾರಾಯ್ರೇ."

ಕೊಟ್ಟೆ. ಮೊದಲ ದಿನ ನಾನು ಕುಡಿದಿದ್ದ ಚಾದ ದುಡ್ಡನ್ನೂ ಅವರು ತಗೊಂಡರು.

೬. ಮನೆ ಬಿಸಿ ಬೇಕಾದವರು

ವಿಶ್ವಕಪ್ ಬಂತು, ಹೋಯಿತು. ನಜ್ಮಾದ ದಾರಿಯಲ್ಲಿ ಎಲ್ಲಾ ದೇಶದ ಬಾವುಟ ಹೊದ್ದ ಜನ ಓಡಾಡಿದರು. ಟೋಪಿ ಮಾರಿದವರು, ಸಿಮ್ ಕಾರ್ಡ್ ಮಾರಿದವರು, ನೀರಿನ ಬಾಟಲಿ ಮಾರಿದವರು ಎಲ್ಲರೂ ದುಡ್ಡು ನೋಡಿದರು. ನನ್ನ ಅಂಗಡಿಯ ಅಟ್ಟದಲ್ಲಿ ಆರುನೂರು ಮನೆಗಳು ಹಿಮ ಹೊದ್ದು ಮಲಗಿದ್ದವು.

ಜನವರಿಯಲ್ಲಿ ನನ್ನ ಹಳೇ ಗಿರಾಕಿ, ವಯಸ್ಸಾದ ಕತಾರಿಯೊಬ್ಬರು ಬಂದರು. ಉತ್ತರದ ಕಡೆ ಅವರದ್ದೊಂದು ತೋಟ, ಅದರಲ್ಲಿ ಕೋಳಿ ಸಾಕಣೆ. ಮರಳುಗಾಡಿನ ಚಳಿಗೆ ಮರಿಗಳು ಸಾಯುತ್ತಿವೆ, ಹೀಟರ್ ಉಂಟು, ಆದರೆ ಕೆಲಸದವನು ಹಾಕಲು ಮರೆಯುತ್ತಾನೆ, ಹಾಕಿದರೆ ಆರಿಸಲು ಮರೆಯುತ್ತಾನೆ ಎಂದರು. "ಚಳಿಯಾದಾಗ ತಾನೇ ಶುರುವಾಗಿ, ಬೆಚ್ಚಗಾದಾಗ ತಾನೇ ನಿಲ್ಲುವಂಥದ್ದು ಏನಾದರೂ ಉಂಟಾ? ನನಗೆ ಫೋನಿನಲ್ಲಿ ಕಾಣಬೇಕು."

ನಾನು ಅಟ್ಟದ ಏಣಿ ಹತ್ತಿದೆ.

ಸಾಮಾನು ಉಂಟು, ಹಾಕುವವರು ಬೇಕಲ್ಲ. ನಾಲ್ಕು ತಿಂಗಳ ಮೇಲೆ ಆಚಾರ್ರಿಗೆ ಫೋನ್ ಮಾಡಿದೆ. ಎತ್ತಿದರು.

"ಯಾರು, ಸಾಹುಕಾರ್ರಾ? ಎಂತ, ಅಲ್ಲಿ ಹಿಮ ಬಿತ್ತಾ?"

ಶುಕ್ರವಾರ ಅವರಿಗೆ ರಜೆ. ನನ್ನ ಕಾರಿನಲ್ಲೇ ಹೋದೆವು. ಅರ್ಧ ದಾರಿ ಹವಾಮಾನದ ಮಾತಾಯಿತು. ಆಮೇಲೆ ನಾನೇ ಕೇಳಿದೆ: "ಆವತ್ತು ನೀವು ಅದಕ್ಕೊಂದು ಅಂತ ಏನೋ ಹೇಳಲಿಕ್ಕೆ ಹೊರಟಿದ್ರಿ. ಏನದು?"

"ಉಪಾಯ ಇತ್ತು. ಒಂದೊಂದಕ್ಕೆ ಒಂದು ಸಣ್ಣ ರಿಲೇ ಸ್ವಿಚ್ಚು ಸೇರಿಸಿದ್ರೆ ಉಲ್ಟಾ ಇದ್ದದ್ದು ಸೀದಾ ಆಗ್ತಿತ್ತು. ಎ.ಸಿ.ಗೆ ಸರಿ ನಡೀತಿತ್ತು. ಎ.ಸಿ. ನಿಂತಾಗ ಮಾತ್ರ ಗಾಜಿನಲ್ಲಿ ಬೆಂಕಿಯ ಗುರುತು ಕಾಣ್ತಿತ್ತು. ಅದರ ಮೇಲೆ ಒಂದು ಸ್ಟಿಕರ್ ಹಾಕಬಹುದಿತ್ತು."

"ರಿಲೇಗೆ ಎಷ್ಟು?"

"ಹನ್ನೆರಡು ರಿಯಾಲ್. ನಮ್ಮ ಅಂಗಡಿಯಲ್ಲೇ ಉಂಟು. ಬಾಗಿಲಿನ ಬಲಗಡೆ, ಮೂರನೇ ಖಾನೆ."

ತೋಟ ಬರುವವರೆಗೆ ನಾನು ಆರುನೂರನ್ನು ಹನ್ನೆರಡರಿಂದ ಗುಣಿಸುತ್ತಾ ಕಾರು ಓಡಿಸಿದೆ.

ಮರಿಗಳ ಶೆಡ್ಡಿನಲ್ಲಿ ಆಚಾರ್ರು ಮೊದಲನೆಯದನ್ನು ಜೋಡಿಸಿದರು. ಪೆಟ್ಟಿಗೆಯಲ್ಲಿದ್ದ ಕಾಗದದಲ್ಲಿ ಹೇಗಿತ್ತೋ ಹಾಗೇ. ಮೂವತ್ತೆರಡಕ್ಕೆ ಇಟ್ಟರು. ಟಕ್. ಹೀಟರ್ ಕೆಂಪಾಯಿತು. ಬೆಚ್ಚಗಾಯಿತು. ಟಕ್. ನಿಂತಿತು. ನನ್ನ ಆ ಸರಕು ಹೇಳಿದ ಹಾಗೆ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ತೋಟದ ಯಜಮಾನರು ಫೋನಿನಲ್ಲಿ ಅಂಕೆ ನೋಡಿ ಖುಷಿಯಾಗಿ, ಖಾಲಿ ಪೆಟ್ಟಿಗೆಯನ್ನು ಕೈಗೆತ್ತಿಕೊಂಡರು. ಕನ್ನಡಕ ಸರಿ ಮಾಡಿಕೊಂಡು ಚಿತ್ರ ನೋಡಿದರು.

"ಇದು ಹಿಮ ಬೀಳುವ ದೇಶದ ಸಾಮಾನು. ಚಿತ್ರ ನೋಡಿದರೆ ಸಣ್ಣ ಮಗುವಿಗೂ ತಿಳಿಯುತ್ತದೆ. ಎಲ್ಲರೂ ಫುಟ್‌ಬಾಲ್ ಎಂದು ಓಡುವಾಗ ನೀನೊಬ್ಬ ನನ್ನ ಕೋಳಿಮರಿಯ ಚಳಿಯ ಬಗ್ಗೆ ಯೋಚಿಸಿ, ಸುಡುಬೇಸಿಗೆಯಲ್ಲೇ ಇದನ್ನು ತರಿಸಿಟ್ಟೆಯಲ್ಲ! ಎಂಥ ದೂರದೃಷ್ಟಿ!"

ನಾನು ತಲೆ ತಗ್ಗಿಸಿದೆ. ಅವರು ಅದನ್ನು ವಿನಯ ಎಂದುಕೊಂಡರು. ಆಚಾರ್ರು ಟೆಸ್ಟರ್ ಒರೆಸುತ್ತಾ, ಒಂದು ಚೂರೂ ನಗದೆ, "ಹೌದು ಬಾಬಾ," ಅಂದರು, "ಆರುನೂರು ತರಿಸಿದ್ದಾರೆ. ಚಿಮಣಿ ಮಾತ್ರ ನೀವೇ ಕಟ್ಟಿಸಬೇಕು."

ಆ ತೋಟಕ್ಕೂ ಅವರ ದಾಯಾದಿಗಳ ತೋಟಕ್ಕೂ ಸೇರಿ ಮೂವತ್ತೇಳು ಹೋಯಿತು, ಕೊಂಡ ಬೆಲೆಗೇ. ಐನೂರ ಅರವತ್ಮೂರು ಅಟ್ಟದಲ್ಲಿದೆ. ರಿಲೇ ಸೇರಿಸಿ ಮಾರೋಣವೆಂದರೆ ಫ್ಲ್ಯಾಟುಗಳು ಖಾಲಿ ಬಿದ್ದಿವೆ, ಈಗ ಸ್ಮಾರ್ಟ್ ಎಂದು ಯಾರೂ ಕೇಳುವುದಿಲ್ಲ. ಆಚಾರ್ರನ್ನು ವಾಪಸ್ ಬನ್ನಿ ಎಂದು ಕರೆದೆ. ಅಲ್ಲಿ ಅವರನ್ನು ಫೋರ್‌ಮನ್ ಮಾಡಿದ್ದಾರೆ. "ನೀವು ಎರಡು ತಿಂಗಳು ಮೊದಲು ಕರೀಬೇಕಿತ್ತು ಸಾಹುಕಾರ್ರೇ," ಅಂದರು, ಸಿಟ್ಟಿಲ್ಲದೆ. ಶುಕ್ರವಾರ ಚಾಕ್ಕೆ ಬರುತ್ತಾರೆ. ಪೆನ್ಸಿಲ್ ಕೊಟ್ಟೆ, ಕಿವಿಯ ಮೇಲಿಟ್ಟುಕೊಂಡು ಹೋದರು. ಈಗ ಯಾವ ಸರಕು ಕೊಳ್ಳುವ ಮೊದಲೂ ಪೆಟ್ಟಿಗೆಯ ಫೋಟೋ ತೆಗೆದು ಅವರಿಗೆ ಕಳಿಸುತ್ತೇನೆ. ಹೋದ ವಾರ ಕಳಿಸಿದ್ದಕ್ಕೆ ಉತ್ತರ ಬಂದಿದೆ: "ಪೆಂಗ್ವಿನ್ ಉಂಟು, ಚಿಮಣಿ ಇಲ್ಲ. ಧೈರ್ಯವಾಗಿ ತಗೊಳ್ಳಿ."

ಹೋದ ಚಳಿಗಾಲ ಆ ತೋಟಗಳಲ್ಲಿ ಚಳಿಗೆ ಒಂದು ಮರಿಯೂ ಸಾಯಲಿಲ್ಲವಂತೆ. ಕೂಡಿಸಿ ಕಳೆದು ನೋಡಿದರೆ, ಐವತ್ತನಾಲ್ಕು ಸಾವಿರದ ಆ ವ್ಯಾಪಾರದಲ್ಲಿ ನಿವ್ವಳವಾಗಿ ದಕ್ಕಿದ್ದು ಮೂರು ಸಾವಿರ ಬೆಚ್ಚಗಿನ ಕೋಳಿಮರಿ. ಅವೂ ನನ್ನವಲ್ಲ.