ಡಿಸ್ಕ್ 5ರ ಹಳದಿ ದೀಪ ಮತ್ತು ಸಿಬ್ಬಂದಿಯ ಶಿಸ್ತು

ಜನನ ಮರಣ ದಾಖಲೆ ವಿಭಾಗ

ಸಂಖ್ಯೆ: ದಾವಿ/ಡಿಸ್ಕ್/ಹಳದಿ/5 (ಪರಿಷ್ಕೃತ: 6)
ದಿನಾಂಕ: 14, ಬೆಳಿಗ್ಗೆ 11.10

ಸುತ್ತೋಲೆ

ವಿಷಯ: ಸರ್ವರ್ ಕೋಣೆಯ ಎಂಟು ಡಿಸ್ಕ್‌ಗಳ ಆರೋಗ್ಯವನ್ನು ತಂತ್ರಾಂಶದ ಮೂಲಕ ಗಮನಿಸುವಾಗ ಪಾಲಿಸಬೇಕಾದ ಶಿಸ್ತಿನ ಬಗ್ಗೆ.

ಉಲ್ಲೇಖ:
1. ಗುತ್ತಿಗೆ ಗಣಕ ನಿರ್ವಾಹಕಿಯವರ ಟಿಪ್ಪಣಿ, ದಿನಾಂಕ 2.
2. ಅವರದೇ ನೆನಪೋಲೆಗಳು, ದಿನಾಂಕ 3, 4, 5, 8 ಮತ್ತು 9.
3. ಉಗ್ರಾಣಪಾಲಕರ ಹೇಳಿಕೆ, ದಿನಾಂಕ 10.

ಪ್ರಸ್ತಾವನೆ:

ವಿಭಾಗದ ಇಪ್ಪತ್ತೆರಡು ವರ್ಷಗಳ ಜನನ ಮರಣ ನೋಂದಣಿ ಪುಸ್ತಕಗಳನ್ನು ಗಣಕಕ್ಕೆ ಏರಿಸಲಾಗಿದ್ದು, ಮೂಲ ಪುಸ್ತಕಗಳನ್ನು ಗೆದ್ದಲು ತಿಂದಿರುತ್ತದೆ. ದಾಖಲೆಗಳು ಎಂಟು ಡಿಸ್ಕ್‌ಗಳಲ್ಲಿ ಹಂಚಿಹೋಗಿವೆ. ಒಂದು ಕೆಟ್ಟರೆ ಉಳಿದ ಏಳು ಸಂಭಾಳಿಸುತ್ತವೆ, ಎರಡು ಕೆಟ್ಟರೆ ಏನೂ ಉಳಿಯುವುದಿಲ್ಲ ಎಂದು ನಿರ್ವಾಹಕಿಯವರು ತಿಳಿಸಿರುತ್ತಾರೆ. ಇವುಗಳ ಮೇಲೆ ನಿಗಾ ಇಡುವ ತಂತ್ರಾಂಶವು ಚೆನ್ನಾಗಿರುವ ಡಿಸ್ಕ್‌ಗೆ ಹಸಿರು, ಕೆಡಲಿರುವುದಕ್ಕೆ ಹಳದಿ, ಕೆಟ್ಟದ್ದಕ್ಕೆ ಕೆಂಪು ತೋರಿಸುತ್ತದೆ. 2ನೇ ತಾರೀಖಿನಿಂದ ಡಿಸ್ಕ್ 5 ಹಳದಿ ತೋರಿಸುತ್ತಿದೆ.

ಅದನ್ನು ತೆಗೆಯುವಂತೆ 10ರಂದು ಉಗ್ರಾಣಪಾಲಕರಿಗೆ ಸೂಚಿಸಲಾಗಿ, ಅವರು ಎಡದಿಂದ ಎಣಿಸಿ ಐದನೆಯದನ್ನು ಕಿತ್ತಿರುತ್ತಾರೆ. ತಂತ್ರಾಂಶವು ಸೊನ್ನೆಯಿಂದ ಎಣಿಸುವುದರಿಂದ, ಕಿತ್ತದ್ದು ಆರೋಗ್ಯವಾಗಿದ್ದ ಡಿಸ್ಕ್ 4 ಎಂದು ಆಮೇಲೆ ತಿಳಿದುಬಂದಿದೆ. ಉಗ್ರಾಣಪಾಲಕರ ಹೇಳಿಕೆ ಹೀಗಿದೆ: "ಐದನೇದು ಕೀಳು ಅಂದ್ರು, ಐದನೇದು ಕಿತ್ತೆ. ನಮ್ಮಪ್ಪ ನನಗೆ ಎಣಿಸೋದು ಕಲಿಸುವಾಗ ಸೊನ್ನೆಯಿಂದ ಶುರು ಮಾಡಲಿಲ್ಲ ಸಾರ್. ನನಗೆ ಮೂರು ಮಕ್ಕಳು. ದೊಡ್ಡವಳನ್ನ ಸೊನ್ನೆ ಅಂತ ಕರೀಲಾ?"

ಹೇಳಿಕೆಯಲ್ಲಿ ಹುರುಳಿದೆ ಎಂದು ವಿಭಾಗವು ಅಭಿಪ್ರಾಯಪಟ್ಟಿದೆ. ಕಿತ್ತ ಡಿಸ್ಕನ್ನು ನಿರುಪಯುಕ್ತ ವಸ್ತುಗಳ ವಹಿಯಲ್ಲಿ ನಮೂದಿಸಿ ಆ ದಿನವೇ ಗುಜರಿಗೆ ಕಳುಹಿಸಲಾಗಿದೆ. ವಾಪಸು ತರಲು ವಹಿಯಲ್ಲಿ ಕಾಲಂ ಇರುವುದಿಲ್ಲ. ಪರಿಣಾಮವಾಗಿ ಊರಿನ ಎಲ್ಲರ ಹುಟ್ಟುಸಾವು ಈಗ ಹಳದಿ ದೀಪದ ಒಂದು ಡಿಸ್ಕ್‌ನ ಮರ್ಜಿಯಲ್ಲಿದೆ. ಆದಕಾರಣ ಈ ಮೂಲಕ ಸೂಚಿಸಲಾಗಿದೆ:

1. ತಂತ್ರಾಂಶವು ಇನ್ನು ಮುಂದೆ ಒಂದರಿಂದ ಎಣಿಸತಕ್ಕದ್ದು. ಅದು ಒಪ್ಪದಿದ್ದಲ್ಲಿ ಸಿಬ್ಬಂದಿಯು ಸೊನ್ನೆಯಿಂದ ಎಣಿಸತಕ್ಕದ್ದು. ಹಾಜರಿ ಪುಸ್ತಕದಲ್ಲಿ ಸೊನ್ನೆಯ ಸ್ಥಾನ ಯಾರಿಗೆ ಎಂಬ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು.

2. ಹಳದಿ ಬಣ್ಣವು ಮುನ್ಸೂಚನೆ ಮಾತ್ರ. ಮುನ್ಸೂಚನೆಯ ಮೇಲೆ ಹೊಸ ಡಿಸ್ಕ್ ಖರೀದಿಸಲು ಅವಕಾಶವಿಲ್ಲ. ಡಿಸ್ಕ್ ಪೂರ್ತಿಯಾಗಿ ಕೆಟ್ಟ ನಂತರ, ಸದರಿ ಡಿಸ್ಕ್‌ಗಳಲ್ಲೇ ಇರುವ ಖರೀದಿ ನಮೂನೆಯನ್ನು ಮುದ್ರಿಸಿ, ಭರ್ತಿ ಮಾಡಿ ಸಲ್ಲಿಸತಕ್ಕದ್ದು.

3. ಡಿಸ್ಕ್ 5 ಕೆಡುವುದಿದ್ದಲ್ಲಿ ಹದಿನೈದು ದಿನ ಮುಂಚಿತವಾಗಿ ಲಿಖಿತವಾಗಿ ತಿಳಿಸತಕ್ಕದ್ದು. ರಜಾದಿನಗಳಲ್ಲಿ ಹಾಗೂ ಊಟದ ವೇಳೆಯಲ್ಲಿ ಕೆಡತಕ್ಕದ್ದಲ್ಲ.

4. ಎಚ್ಚರಿಕೆಯ ಕೀರಲು ಶಬ್ದದಿಂದ ಪಕ್ಕದ ಕೋಣೆಯ ಬೆರಳಚ್ಚುಗಾರರಿಗೆ ತೊಂದರೆಯಾಗುತ್ತಿರುವುದರಿಂದ ಸ್ಪೀಕರಿಗೆ ಹತ್ತಿ ತುರುಕಲಾಗಿದೆ. ಪ್ರತಿ ಸೋಮವಾರ ಹತ್ತಿ ಬದಲಿಸತಕ್ಕದ್ದು.

5. ಹಳದಿ ದೀಪದ ಮೇಲೆ ಹಸಿರು ಸ್ಟಿಕ್ಕರ್ ಅಂಟಿಸಲಾಗಿದೆ. ತಪಾಸಣೆಗೆ ಬಂದ ಮೇಲಧಿಕಾರಿಗಳು ಎಲ್ಲವೂ ಹಸಿರಾಗಿರುವುದನ್ನು ಕಂಡು ಮೆಚ್ಚುಗೆ ಪತ್ರ ನೀಡಿರುತ್ತಾರೆ. ಪತ್ರವನ್ನು ಸದರಿ ಡಿಸ್ಕ್‌ಗಳಲ್ಲಿ ಭದ್ರವಾಗಿ ಇಡಲಾಗಿದೆ.

6. ಅಟೆಂಡರ್ ಅವರು ಗಂಟೆಗೊಮ್ಮೆ ಡಿಸ್ಕ್‌ಗಳ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನೋಡಿ "ಬಿಸಿ", "ತುಂಬ ಬಿಸಿ", "ಸುಮ್ಮನಿದೆ" ಇವುಗಳಲ್ಲಿ ಒಂದನ್ನು ಬರೆಯತಕ್ಕದ್ದು. ಷರಾ ಕಾಲಂನಲ್ಲಿ "ಪಾಪ" ಎಂದು ಬರೆಯುವುದನ್ನು ನಿಲ್ಲಿಸತಕ್ಕದ್ದು.

7. ನಿರ್ವಾಹಕಿಯವರು 9ರ ಸಂಜೆ, ಅನುಮತಿ ಪಡೆಯದೆ, ಎಲ್ಲ ದಾಖಲೆಗಳನ್ನೂ ಬೇರೊಂದು ಡಿಸ್ಕ್‌ಗೆ ನಕಲು ಮಾಡಿ ಮನೆಗೆ ಒಯ್ದಿರುತ್ತಾರೆ. ಕಾರಣ ಕೇಳಲಾಗಿ, "ಎಂಟು ದಿನ ಬರೆದೆ ಸಾರ್, ಯಾರೂ ಕ್ಯಾರೇ ಅನ್ನಲಿಲ್ಲ. ನನ್ನ ಮಗಳು ಹುಟ್ಟಿದ್ದೂ ಅದರಲ್ಲೇ ಇದೆ, ನಿಮ್ಮಪ್ಪನವರು ಹೋಗಿದ್ದೂ ಅದರಲ್ಲೇ ಇದೆ. ಎರಡನ್ನೂ ಇನ್ನೊಂದ್ಸಲ ಮಾಡೋಕಾಗುತ್ತಾ?" ಎಂದಿರುತ್ತಾರೆ. ಅಧೀಕ್ಷಕರ ದಿವಂಗತ ತಂದೆಯವರನ್ನು ಕಚೇರಿ ವಿಷಯದಲ್ಲಿ ಎಳೆದುತಂದದ್ದು ಖಂಡನೀಯ. ಸದರಿಯವರನ್ನು 11ರಿಂದ ಕೆಲಸದಿಂದ ಬಿಡುಗಡೆ ಮಾಡಲಾಗಿದೆ. ನಕಲನ್ನು ಅಳಿಸುವಂತೆ ಬಾಯಿಮಾತಿನಲ್ಲಿ ಹೇಳಿದಾಗ "ಬರವಣಿಗೆಯಲ್ಲಿ ಕೊಡಿ ಸಾರ್, ಅಳಿಸ್ತೀನಿ" ಎಂದು ಉತ್ತರಿಸಿರುತ್ತಾರೆ.

8. ಆದ್ದರಿಂದ ಈ ಮೂಲಕ ಬರವಣಿಗೆಯಲ್ಲಿಯೇ ಆದೇಶಿಸಲಾಗಿದೆ: ಈ ಸುತ್ತೋಲೆ ಕೈಸೇರಿದ ತಕ್ಷಣ ನಕಲನ್ನು ಅಳಿಸಿ, ಲಗತ್ತಿಸಿರುವ ನಮೂನೆಯಲ್ಲಿ ಮೂರು ಪ್ರತಿ ವರದಿ ಸಲ್ಲಿಸತಕ್ಕದ್ದು.

ಸಹಿ/-
ಅಧೀಕ್ಷಕರು

ಪ್ರತಿಗಳು (ಕಂಡಿಕೆ 1ರಂತೆ ಎಣಿಸಲಾಗಿದೆ):
0. ಉಗ್ರಾಣಪಾಲಕರಿಗೆ, ಎಣಿಕೆ ಅಭ್ಯಾಸಕ್ಕಾಗಿ.
1. ಅಟೆಂಡರ್ ಅವರಿಗೆ, ಹತ್ತಿಯೊಂದಿಗೆ.
2. ನಿರ್ವಾಹಕಿಯವರಿಗೆ, ಮನೆ ವಿಳಾಸಕ್ಕೆ, ಜರೂರು.
3. ಕಚೇರಿ ಪ್ರತಿ, ಸದರಿ ಡಿಸ್ಕ್‌ಗಳಲ್ಲಿ ಕಾಯ್ದಿಡಲು.

ತಿದ್ದೋಲೆ (ಕೈಬರಹದಲ್ಲಿ)
ದಿನಾಂಕ: 14, ಮಧ್ಯಾಹ್ನ 3.40

ಇಂದು ಮಧ್ಯಾಹ್ನ 1.20ಕ್ಕೆ, ಅಂದರೆ ಊಟದ ವೇಳೆಯಲ್ಲಿ, ಕಂಡಿಕೆ 3ನ್ನು ಸ್ಪಷ್ಟವಾಗಿ ಉಲ್ಲಂಘಿಸಿ ಡಿಸ್ಕ್ 5 ಕೆಟ್ಟಿರುತ್ತದೆ. ಸ್ಟಿಕ್ಕರ್ ಈಗಲೂ ಹಸಿರಾಗಿದೆ. ಅಟೆಂಡರ್ ಅವರು ಷರಾದಲ್ಲಿ "ಪಾಪ" ಎಂದು ಬರೆದಿದ್ದು, ಈ ಒಂದು ಸಲಕ್ಕೆ ಮನ್ನಿಸಲಾಗಿದೆ.

ಕಂಡಿಕೆ 7ರ ಬಿಡುಗಡೆಯನ್ನು ಹಿಂಪಡೆಯಲಾಗಿದೆ. ಕಂಡಿಕೆ 8ನ್ನು ಯಾರೂ ಓದಿಲ್ಲವೆಂದು ಭಾವಿಸತಕ್ಕದ್ದು. ಓದಿ ಪಾಲಿಸಿಬಿಟ್ಟಿದ್ದಲ್ಲಿ, ಪಾಲಿಸಿಲ್ಲವೆಂದು ಭಾವಿಸಲು ಸಾಧ್ಯವೇ ಎಂಬುದನ್ನು ನಿರ್ವಾಹಕಿಯವರು ಕೂಡಲೇ ತಿಳಿಸುವಂತೆ 2.15ಕ್ಕೆ ಆಳನ್ನು ಅಟ್ಟಲಾಗಿತ್ತು. ಅವರು ಸುತ್ತೋಲೆಯನ್ನೇ ಹಿಂದಿರುಗಿಸಿ, ಅದರ ಬೆನ್ನಿಗೆ ಹೀಗೆ ಬರೆದಿರುತ್ತಾರೆ: "ನಮೂನೆ ಲಗತ್ತಿಸಿರುವುದಾಗಿ ಹೇಳಿದ್ದೀರಿ, ಲಗತ್ತಿಸಿಲ್ಲ. ನಮೂನೆ ಬಂದ ಕೂಡಲೇ ಅಳಿಸುತ್ತೇನೆ."

ಖಾಲಿ ನಮೂನೆಗಳೆಲ್ಲವೂ ಸದರಿ ಡಿಸ್ಕ್‌ಗಳಲ್ಲೇ ಇದ್ದವು ಎಂದು ತಿಳಿಸಲು ವಿಭಾಗವು ಹರ್ಷಿಸುತ್ತದೆ.

ಸಹಿ/-
ಅಧೀಕ್ಷಕರು

ಪ್ರತಿ:
0. ನಿರ್ವಾಹಕಿಯವರಿಗೆ, ಅಧೀಕ್ಷಕರ ಕೈಯಿಂದಲೇ, ಅವರ ಮನೆ ಬಾಗಿಲಲ್ಲಿ. ನಮೂನೆ ಲಗತ್ತಿಸಿಲ್ಲ.